ಸಣ್ಣ ಗಣಿಗಾರಿಕೆಯ ಅಂತರರಾಷ್ಟ್ರೀಯ ಯೋಜನೆಯಲ್ಲಿ ಕಮ್ಯುನಿಕೇಷನ್ ಇಂಟರ್ನ್ ಆಗಬೇಕೆ? ದಾವಣಗೆರೆ, ಚಿತ್ರದುರ್ಗದವರಿಗೆ ಹಂತ ಹಂತದ ದಾರಿ

"ವಿಶ್ವಸಂಸ್ಥೆಯವರ ಗಣಿ ಯೋಜನೆಯಲ್ಲಿ ಕಮ್ಯುನಿಕೇಷನ್ ಇಂಟರ್ನ್ ಕರೆದಿದ್ದಾರಂತೆ. ನಮ್ಮಂಥವರು ಅರ್ಜಿ ಹಾಕಬಹುದಾ?" ಈ ಪ್ರಶ್ನೆ ದಾವಣಗೆರೆ, ಚಿತ್ರದುರ್ಗದ ಪತ್ರಿಕೋದ್ಯಮ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುತ್ತಿದೆ. ಕಮ್ಯುನಿಕೇಷನ್ ಇಂಟರ್ನ್ ಅಂದರೆ ಯೋಜನೆಯ ಕೆಲಸವನ್ನು ಜನರಿಗೆ ತಿಳಿಸುವ ವಿಭಾಗದಲ್ಲಿ ಸ್ವಲ್ಪ ಕಾಲ ಕಲಿಯುತ್ತಾ ದುಡಿಯುವವರು. ಸಮಾಜಕಾರ್ಯ ಓದುವವರು ಕೇಳುತ್ತಾರೆ, ಭೂವಿಜ್ಞಾನ ಓದುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಅರ್ಜಿ ಖಂಡಿತ ಹಾಕಬಹುದು. ಅಷ್ಟೇ ಅಲ್ಲ, ದೊಡ್ಡ ಊರಿನ ಅಭ್ಯರ್ಥಿಗಳಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಕಲ್ಲಿನ ಕ್ವಾರಿ, ಕ್ರಷರ್, ಜಲ್ಲಿ ಟಿಪ್ಪರ್, ಹೊಳೆಯ ಮರಳು ಇವೆಲ್ಲ ನೀವು ದಿನಾ ನೋಡುವ ಸಂಗತಿಗಳು. ಜಗತ್ತಿನ ಸಣ್ಣ ಗಣಿಗಾರಿಕೆಯ ಒಂದು ದೊಡ್ಡ ಭಾಗ ನಡೆಯುವುದು ಇಂಥ ಜಾಗಗಳಲ್ಲೇ. ಆದರೆ ನೋಡಿದ್ದರೆ ಸಾಲದು. ಅದನ್ನು ಸರಿಯಾಗಿ, ಸುಳ್ಳಿಲ್ಲದೆ, ಯಾರ ಮರ್ಯಾದೆಗೂ ಕುಂದಾಗದ ಹಾಗೆ ಬರೆದು ತೋರಿಸಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಇದು ಎಂಥ ಕೆಲಸ?

ಸಣ್ಣ ಪ್ರಮಾಣದ ಗಣಿಗಾರಿಕೆ ಅಂದರೆ ದೊಡ್ಡ ಕಂಪನಿ, ದೊಡ್ಡ ಬಂಡವಾಳ ಇಲ್ಲದೆ ಕೈಯಿಂದ ಅಥವಾ ಸಾಧಾರಣ ಯಂತ್ರಗಳಿಂದ ನಡೆಯುವ ಗಣಿಗಾರಿಕೆ. ಪೂರ್ತಿ ಕೈಕೆಲಸವಾದರೆ ಅದನ್ನು 'ಆರ್ಟಿಸನಲ್' ಅನ್ನುತ್ತಾರೆ. ಇಂಗ್ಲಿಷಿನ ವರದಿಗಳಲ್ಲಿ ಎರಡನ್ನೂ ಸೇರಿಸಿ 'ಎಎಸ್‌ಎಂ' ಎಂದು ಬರೆಯುತ್ತಾರೆ. ವಿಶ್ವಬ್ಯಾಂಕ್ 2020ರಲ್ಲಿ ಕೊಟ್ಟ ಅಂದಾಜಿನಂತೆ ಸುಮಾರು 80 ದೇಶಗಳಲ್ಲಿ ನಾಲ್ಕೂವರೆ ಕೋಟಿಯಷ್ಟು ಜನ ಈ ಕೆಲಸದಲ್ಲಿದ್ದಾರೆ. ಅವರಲ್ಲಿ ಶೇ 30ರಷ್ಟು ಮಹಿಳೆಯರು.

ಈ ಕ್ಷೇತ್ರದ ಎರಡು ದೊಡ್ಡ ಯೋಜನೆಗಳ ಹೆಸರು ತಿಳಿದಿರಲಿ. ಒಂದು, ಎಸಿಪಿ-ಇಯು ಡೆವಲಪ್‌ಮೆಂಟ್ ಮಿನರಲ್ಸ್ ಯೋಜನೆ. ಇದು 2015ರಲ್ಲಿ ಶುರುವಾಯಿತು. ಹಣದಲ್ಲಿ ದೊಡ್ಡ ಪಾಲು ಐರೋಪ್ಯ ಒಕ್ಕೂಟದ್ದು, ಜಾರಿ ಮಾಡುವುದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಯುಎನ್‌ಡಿಪಿ. ಕೆಲಸ ನಡೆಯುವುದು ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ದೇಶಗಳಲ್ಲಿ. ಮೊದಲ ಹಂತದಲ್ಲಿ ಕ್ಯಾಮರೂನ್, ಗಿನಿ, ಉಗಾಂಡ, ಜಾಂಬಿಯಾ, ಫಿಜಿ, ಜಮೈಕಾ ಮುಖ್ಯ ದೇಶಗಳಾಗಿದ್ದವು. ಕಟ್ಟಡದ ಕಲ್ಲು, ಮರಳು, ಜೇಡಿಮಣ್ಣು, ಸುಣ್ಣದ ಕಲ್ಲು, ಅಲಂಕಾರದ ಕಲ್ಲು ಇಂಥ ಕಡಿಮೆ ಬೆಲೆಯ ಖನಿಜಗಳೇ ಇದರ ವಿಷಯ. ರಫ್ತಿನ ಸುದ್ದಿಯಲ್ಲಿ ಇವುಗಳ ಹೆಸರು ಬರುವುದಿಲ್ಲ. ಮನೆ, ರಸ್ತೆ, ಶಾಲೆ ಕಟ್ಟುವುದು ಮಾತ್ರ ಇವುಗಳಿಂದಲೇ.

ಎರಡನೆಯದು ಪ್ಲಾನೆಟ್‌ಗೋಲ್ಡ್. ಸಣ್ಣ ಚಿನ್ನದ ಗಣಿಗಳಲ್ಲಿ ಪಾದರಸದ ಬಳಕೆ ತಗ್ಗಿಸುವುದು ಇದರ ಗುರಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮುಂದಾಳು, ಹಣ ಜಾಗತಿಕ ಪರಿಸರ ನಿಧಿಯದ್ದು. ಇವೆರಡರ ಜೊತೆಗೆ ಇದೇ ವಿಷಯದಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳೂ ಇವೆ.

ಇಂಟರ್ನ್‌ಗೆ ಸಿಗುವ ಕೆಲಸ ಹೆಚ್ಚಾಗಿ ಮೇಜಿನ ಮುಂದಿನದು. ಎಪ್ಪತ್ತು ಪುಟದ ವರದಿಯನ್ನು ಒಂದು ಪುಟಕ್ಕೆ ಇಳಿಸುವುದು. ಫೀಲ್ಡ್‌ನಿಂದ ಬಂದ ಫೋಟೊಗಳಿಗೆ ಅಡಿಬರಹ ಬರೆಯುವುದು. ಸಾಮಾಜಿಕ ಜಾಲತಾಣಕ್ಕೆ ಪೋಸ್ಟ್ ತಯಾರು ಮಾಡುವುದು, ವಾರ್ತಾಪತ್ರ ಜೋಡಿಸುವುದು, ಆನ್‌ಲೈನ್ ಸಭೆಗಳ ತಯಾರಿ ನೋಡಿಕೊಳ್ಳುವುದು. ಆಫ್ರಿಕಾದ ಗಣಿಗೆ ಕ್ಯಾಮೆರಾ ಹಿಡಿದು ಹೋಗುತ್ತೇನೆ ಅಂದುಕೊಂಡು ಅರ್ಜಿ ಹಾಕಿದವರಿಗೆ ಆಮೇಲೆ ಬೇಜಾರಾಗುತ್ತದೆ. ಹಾಗೆ ಅಪರೂಪಕ್ಕೆ ಆಗಬಹುದು, ಅಷ್ಟೆ.

ಹಂತ 1: ನೀವು ಅರ್ಹರೇ, ದಿನಾಂಕ ಹಾಕಿ ನೋಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಯುಎನ್‌ಡಿಪಿ ಇಂಟರ್ನ್‌ಶಿಪ್‌ಗೆ ನೀವು ಸ್ನಾತಕೋತ್ತರ ಪದವಿ ಓದುತ್ತಿರಬೇಕು, ಇಲ್ಲವೇ ಪದವಿಯ ಕೊನೆಯ ವರ್ಷದಲ್ಲಿರಬೇಕು. ಓದು ಮುಗಿದಿದ್ದರೆ, ಮುಗಿದ ಒಂದು ವರ್ಷದೊಳಗೆ ಇಂಟರ್ನ್‌ಶಿಪ್ ಶುರುವಾಗಬೇಕು. ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಸಾಲದು, ಕೆಲಸಕ್ಕೆ ಸೇರಿರಬೇಕು. ಎಂಎ ಮುಗಿಸಿ, ಎರಡು ವರ್ಷ ಕೆಎಎಸ್ ತಯಾರಿ ಮಾಡಿ, ಆಮೇಲೆ "ಇದನ್ನೂ ಒಂದು ನೋಡೋಣ" ಅಂತ ಬರುವವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಅವರಿಗೆ ಬೇರೆ ದಾರಿ ಉಂಟು, ಹಂತ 4ರಲ್ಲಿ ಹೇಳುತ್ತೇನೆ.

ಹಾಗಾಗಿ ಎಂಎ ಮೂರನೇ ಸೆಮಿಸ್ಟರ್‌ನಲ್ಲೇ ತಯಾರಿ ಶುರು ಮಾಡಿ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಓದುತ್ತಿದ್ದರೂ ಸರಿ, ಚಿತ್ರದುರ್ಗದ ಹತ್ತಿರದ ಸ್ನಾತಕೋತ್ತರ ಕೇಂದ್ರದಲ್ಲಿ ಓದುತ್ತಿದ್ದರೂ ಸರಿ, ನಿಮ್ಮ ವಿಭಾಗದಿಂದ "ಇವರು ನಮ್ಮ ವಿದ್ಯಾರ್ಥಿ" ಎನ್ನುವ ಪತ್ರ ಬೇಕಾಗುತ್ತದೆ. ಪತ್ರ ಇಂಗ್ಲಿಷಿನಲ್ಲಿರಬೇಕು, ವಿಭಾಗದ ಮೊಹರು ಬೇಕು, ಕೋರ್ಸ್ ಮುಗಿಯುವ ತಿಂಗಳು ಅದರಲ್ಲಿ ಬರೆದಿರಬೇಕು. ಪರೀಕ್ಷೆ ಸಮಯದಲ್ಲಿ ಕಚೇರಿಯವರ ಹಿಂದೆ ಬಿದ್ದರೆ ಸಿಗುವುದಿಲ್ಲ. ಮೊದಲೇ ಕೇಳಿ ಇಟ್ಟುಕೊಳ್ಳಿ.

ಇಂಗ್ಲಿಷ್ ಚೆನ್ನಾಗಿ ಬರೆಯಲು ಬರಬೇಕು. ಈ ವಿಷಯದಲ್ಲಿ ಸುಮ್ನೆ ಸಮಾಧಾನ ಹೇಳಲಾರೆ. ಮಾತಿನಲ್ಲಿ ತಡವರಿಸಿದರೆ ನಡೆಯುತ್ತದೆ, ಬರಹದಲ್ಲಿ ನಡೆಯುವುದಿಲ್ಲ. ಫ್ರೆಂಚ್ ಸ್ವಲ್ಪ ಗೊತ್ತಿದ್ದರೆ ದೊಡ್ಡ ಬಲ. ಕ್ಯಾಮರೂನ್, ಗಿನಿಯಂಥ ದೇಶಗಳ ಕಡತಗಳು ಹೆಚ್ಚಾಗಿ ಫ್ರೆಂಚಿನಲ್ಲೇ ಬರುತ್ತವೆ.

ಹಂತ 2: ವಿಷಯ ಓದಿಕೊಳ್ಳಿ

ಪಾರಿಭಾಷಿಕ ಪದಗಳು ನೂರಾರಿವೆ. ಶುರುವಿಗೆ ನಾಲ್ಕೈದು ಸಾಕು.

*ಫಾರ್ಮಲೈಸೇಷನ್:* ಪರವಾನಗಿ ಇಲ್ಲದೆ ದುಡಿಯುವ ಸಣ್ಣ ಗಣಿಗಾರರನ್ನು ಕಾನೂನಿನ ಚೌಕಟ್ಟಿಗೆ ತರುವುದು. ಬರೀ ಲೈಸೆನ್ಸ್ ಕೊಟ್ಟರೆ ಮುಗಿಯಲಿಲ್ಲ. ಸಾಲ ಸಿಗುವುದು, ಸುರಕ್ಷತೆ, ಮಾರುಕಟ್ಟೆ, ಸಂಘ ಎಲ್ಲವೂ ಇದರೊಳಗೆ ಬರುತ್ತವೆ. ಈ ಯೋಜನೆಗಳ ಕೇಂದ್ರ ಇದೇ.

*ಮಿನಮಾಟಾ ಒಪ್ಪಂದ:* ಪಾದರಸದ ಬಳಕೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ. 2013ರಲ್ಲಿ ಒಪ್ಪಿಗೆಯಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂತು. ಭಾರತ 2018ರಲ್ಲಿ ಅನುಮೋದಿಸಿತು. ಸಣ್ಣ ಚಿನ್ನದ ಗಣಿಗಾರರು ಅದಿರಿನ ಪುಡಿಗೆ ಪಾದರಸ ಬೆರೆಸುತ್ತಾರೆ. ಅದು ಚಿನ್ನವನ್ನು ಹಿಡಿದುಕೊಂಡು ಉಂಡೆಯಾಗುತ್ತದೆ. ಆ ಉಂಡೆಯನ್ನು ಕಾಯಿಸಿದಾಗ ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಆವಿಯಾದದ್ದು ಸೇರುವುದು ಕೆಲಸಗಾರರ ಶ್ವಾಸಕ್ಕೆ, ಊರಿನ ಗಾಳಿಗೆ. ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಸುಮಾರು ಶೇ 38 ಈ ಮೂಲದಿಂದಲೇ ಎಂದು ವಿಶ್ವಸಂಸ್ಥೆಯ 2018ರ ಪಾದರಸ ವರದಿ ಹೇಳುತ್ತದೆ.

*ಸಿಲಿಕೋಸಿಸ್:* ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ. ಪೂರ್ತಿ ಗುಣವಾಗುವುದಿಲ್ಲ. ಬಂದವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಕಣ್ಣಿಗೆ ಕಾಣುವ ಧೂಳು ತಡೆಯಬಹುದು, ಕಾಣದ ಧೂಳು ಒಳಗೇ ಹೋಗುತ್ತದೆ. ಕುಳಿ ಕೊರೆಯುವಾಗ ನೀರು ಬಿಡುವುದು, ಕ್ರಷರ್‌ನಲ್ಲಿ ನೀರು ಚಿಮುಕಿಸುವುದು ನಿಜವಾಗಿ ಕೆಲಸ ಮಾಡುವ ಉಪಾಯಗಳು.

*ಉಪಖನಿಜ:* ನಮ್ಮ ಕಾನೂನಿನ ಪದ. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಕಟ್ಟಡ ಕಲ್ಲು, ಜಲ್ಲಿ, ಸಾಮಾನ್ಯ ಮರಳು, ಜೇಡಿ ಇವು ಉಪಖನಿಜಗಳು. ಇವುಗಳ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ನಮ್ಮಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳು ನಡೆಯುತ್ತಿವೆ. ಕ್ರಷರ್‌ಗಳಿಗೆ 2011ರ ಪ್ರತ್ಯೇಕ ರಾಜ್ಯ ಕಾಯ್ದೆ ಇದೆ.

ಎಚ್ಚರಿಕೆ: ನಮ್ಮ ಕಡೆಯವರು ಗಣಿ ಅಂದ ಕೂಡಲೇ ಕಬ್ಬಿಣದ ಅದಿರಿನ ಕಥೆ ಶುರು ಮಾಡುತ್ತಾರೆ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿದ್ದು ದೊಡ್ಡ ವಿಷಯವೇ. ಆದರೆ ಅದು ದೊಡ್ಡ ಗಣಿಗಳ ಕಥೆ. ಕಬ್ಬಿಣದ ಅದಿರು ಪ್ರಧಾನ ಖನಿಜ. ಸಣ್ಣ ಗಣಿಗಾರಿಕೆಯ ಯೋಜನೆಗೆ ಬರೆದ ಪತ್ರದಲ್ಲಿ ಅರ್ಧ ಪುಟ ಬಳ್ಳಾರಿ ಹಗರಣ ತುಂಬಿದರೆ, ಓದುವವರಿಗೆ ನಿಮಗೆ ವಿಷಯ ಗೊತ್ತಿಲ್ಲ ಅಂತ ಎರಡೇ ಸಾಲಿನಲ್ಲಿ ತಿಳಿಯುತ್ತದೆ. ಹಾಗೆಯೇ ಪಾದರಸದ ಕಥೆಯನ್ನು ನಮ್ಮ ಜಲ್ಲಿ ಕ್ವಾರಿಗೆ ತಂದು ಅಂಟಿಸಬೇಡಿ. ಕಲ್ಲು ಒಡೆಯಲು ಪಾದರಸ ಬೇಕಿಲ್ಲ. ಇಲ್ಲಿನ ತೊಂದರೆ ಧೂಳು, ಸಿಡಿಮದ್ದು, ಅಂತರ್ಜಲ, ಕೂಲಿ.

ಹಂತ 3: ನಿಮ್ಮ ಜಿಲ್ಲೆಯಲ್ಲೇ ಮೂರು ಮಾದರಿ ಕೆಲಸ ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಸರ್ಟಿಫಿಕೇಟ್‌ಗಳ ಕಟ್ಟಿಗಿಂತ ಮೂರು ಒಳ್ಳೆಯ ಮಾದರಿಗಳು ಹೆಚ್ಚು ಮಾತಾಡುತ್ತವೆ. ಇವನ್ನೇ ಪೋರ್ಟ್‌ಫೋಲಿಯೊ ಅನ್ನುವುದು, ಅಂದರೆ ನೀವು ಮಾಡಿದ ಕೆಲಸದ ಸಂಗ್ರಹ. ನನ್ನ ಸಲಹೆ: ಒಂದು 600 ಪದದ ಬರಹ, ಅಡಿಬರಹ ಸಹಿತ ಐದಾರು ಫೋಟೊಗಳ ಸರಣಿ, ಒಂದು ಪುಟದ ಮಾಹಿತಿ ಪತ್ರ. ಮೂರೂ ಇಂಗ್ಲಿಷಿನಲ್ಲಿರಲಿ. ಒಂದರ ಕನ್ನಡ ರೂಪವನ್ನೂ ಜೊತೆಗಿಡಿ. ಸ್ಥಳೀಯ ಭಾಷೆಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯಬಲ್ಲವರು ಈ ಯೋಜನೆಗಳಿಗೆ ಬೇಕು.

*ಕ್ವಾರಿಗೆ ಹೋಗುವ ಮುನ್ನ.* ಗುತ್ತಿಗೆದಾರರ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಮೇಸ್ತ್ರಿ ಕರೆದುಕೊಂಡು ಹೋದರೆ ಅದು ಅನುಮತಿಯಲ್ಲ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಚಪ್ಪಲಿ ಬೇಡ, ಶೂ ಹಾಕಿ. ಮದ್ದು ಸಿಡಿಸುವ ಹೊತ್ತು ಯಾವುದು ಅಂತ ಮೊದಲೇ ಕೇಳಿಕೊಳ್ಳಿ, ಆ ಹೊತ್ತಿಗೆ ಅಲ್ಲಿರಬೇಡಿ. ಸಿಡಿಯದೆ ಉಳಿದ ಮದ್ದು, ವೈರು, ಪೆಟ್ಟಿಗೆ ಕಂಡರೆ ಮುಟ್ಟಬೇಡಿ, ಹತ್ತಿರದಿಂದ ಫೋಟೊ ತೆಗೆಯಲೂ ಹೋಗಬೇಡಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತದ್ದು ನಿಮಗೆ ನೆನಪಿರಬಹುದು. ಒಂದು ಫೋಟೊಗಾಗಿ ಅಂಥ ಅಪಾಯಕ್ಕೆ ಹೋಗುವ ಅಗತ್ಯ ಇಲ್ಲ.

ಅನುಮತಿ ಸಿಗದಿದ್ದರೆ ಕೆಲಸ ನಿಲ್ಲಬೇಕಿಲ್ಲ. ಕ್ವಾರಿಯ ಹೊರಗೂ ಬೇಕಾದಷ್ಟು ವಿಷಯ ಇದೆ. ರಸ್ತೆ ಬದಿಯಲ್ಲಿ ಕಲ್ಲು ಕೆತ್ತುವವರು, ಒರಳು, ರುಬ್ಬುಗುಂಡು, ಬೀಸುವ ಕಲ್ಲು ಮಾಡಿ ಸಂತೆಗೆ ತರುವವರು, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ಬಂದ ಮೇಲೆ ಹೊಳೆ ಮರಳಿನ ಕೆಲಸ ಬಿಟ್ಟವರು, ಹರಿಹರ, ಹೊನ್ನಾಳಿ ಕಡೆ ತುಂಗಭದ್ರೆಯ ದಂಡೆಯ ರೈತರು, ಇಟ್ಟಿಗೆ ಭಟ್ಟಿಯವರು. ಕಲ್ಲಿನ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಭೋವಿ ಸಮುದಾಯದ ಹಿರಿಯರ ಹತ್ತಿರ ಕೂತು ಕೇಳಿ. ಬಂಡೆಯ ನಡೆ ನೋಡಿ, ಎಲ್ಲಿ ಉಳಿ ಇಟ್ಟರೆ ಎಲ್ಲಿ ಸೀಳುತ್ತದೆ ಅಂತ ಹೇಳಬಲ್ಲವರು ಅವರು. ಇದು ಕಲಿತು ಬಂದ ವಿದ್ಯೆ. ಅವರನ್ನು ಬರೀ ಕರುಣೆಯ ವಸ್ತುವಾಗಿ ಬರೆದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ.

*ಒಪ್ಪಿಗೆ.* ಫೋಟೊ ತೆಗೆಯುವ ಮೊದಲು ಕೇಳಬೇಕು, ತೆಗೆದ ಮೇಲಲ್ಲ. ಕೇಳುವ ಮಾತೂ ನೇರವಾಗಿರಲಿ. "ಅಕ್ಕಾ, ನಿಮ್ಮ ಫೋಟೊ ತೆಗೀಬಹುದಾ? ಇದನ್ನ ಬೇರೆ ದೇಶದವರೂ ನೋಡ್ಬಹುದು. ಹೆಸರು ಹಾಕ್ಬೇಕಾ, ಬೇಡ್ವಾ, ನೀವೇ ಹೇಳಿ. ಬೇಡ ಅಂದ್ರೆ ಏನೂ ಬೇಜಾರಿಲ್ಲ." ಇಷ್ಟು ಸಾಕು. ಮಾಲೀಕರ ಎದುರಿನಲ್ಲಿ ಕೇಳಬೇಡಿ. ಅಲ್ಲಿ "ಹೂಂ" ಅಂದದ್ದು ಒಪ್ಪಿಗೆ ಆಗಿರದೆ ಇರಬಹುದು. ಒಂದು ಸರಳ ಒಪ್ಪಿಗೆ ಪತ್ರ ಕನ್ನಡದಲ್ಲೇ ಮಾಡಿಕೊಳ್ಳಿ, ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಓದಿ ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೂ ಆಗುತ್ತದೆ.

ಮಕ್ಕಳ ಮುಖ ಬೇಡವೇ ಬೇಡ. ಗಣಿ ಕೆಲಸದಲ್ಲಿ 18 ವರ್ಷದೊಳಗಿನವರು ಇರಬಾರದು ಎಂಬುದು ಕಾನೂನು. ಮಕ್ಕಳು ದುಡಿಯುವುದು ಕಂಡರೆ ಅದನ್ನು ಪೋರ್ಟ್‌ಫೋಲಿಯೊಗೆ ಬಳಸುವುದಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು.

*ಅಡಿಬರಹ.* ಆಯ್ಕೆ ಮಾಡುವವರು ಇದನ್ನು ಬಹಳ ಗಮನಿಸುತ್ತಾರೆ. ಒಂದು ಉದಾಹರಣೆ ನೋಡಿ. ಫೋಟೊದಲ್ಲಿ ಒಬ್ಬ ಹೆಂಗಸು ಜಲ್ಲಿ ರಾಶಿಯ ಮುಂದೆ ಕೂತಿದ್ದಾರೆ. ಸಾಮಾನ್ಯವಾಗಿ ಬರುವ ಅಡಿಬರಹ ಹೀಗಿರುತ್ತದೆ: "ಬಡತನದ ಬೇಗೆಯಲ್ಲಿ ಬೇಯುತ್ತಾ ಕಲ್ಲಿನೊಂದಿಗೆ ಕಲ್ಲಾದ ಬದುಕು." ಇದರಲ್ಲಿ ಒಂದೂ ಮಾಹಿತಿ ಇಲ್ಲ. ಆ ಅಕ್ಕನ ಬದುಕು ಕಲ್ಲಾಗಿದೆ ಅಂತ ನಿಮಗೆ ಹೇಳಿದವರು ಯಾರು?

ಅದೇ ಫೋಟೊಗೆ ಹೀಗೆ ಬರೆಯಬಹುದು: "ಚಿತ್ರದುರ್ಗ ತಾಲ್ಲೂಕಿನ ಕ್ವಾರಿಯೊಂದರಲ್ಲಿ ಸುತ್ತಿಗೆಯಿಂದ ಒಡೆದ 40 ಎಂಎಂ ಜಲ್ಲಿಯನ್ನು ಬಾಂಡ್ಲಿಗೆ ತುಂಬುತ್ತಿರುವ ಕಾರ್ಮಿಕೆ. ಇವರಿಗೆ ಕೂಲಿ ದಿನದ ಲೆಕ್ಕದಲ್ಲಲ್ಲ, ಬಾಂಡ್ಲಿ ಲೆಕ್ಕದಲ್ಲಿ. ಅವರ ಕೋರಿಕೆಯಂತೆ ಹೆಸರು ಕೊಟ್ಟಿಲ್ಲ." ಕೊನೆಗೆ ತಿಂಗಳು, ವರ್ಷ, ಫೋಟೊ ತೆಗೆದವರ ಹೆಸರು. ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ, ನಮಗೆ ಗೊತ್ತಿಲ್ಲದ ಒಂದು ಸಂಗತಿ ಏನು, ಒಪ್ಪಿಗೆ ಇದೆಯೇ. ಐದೂ ಬಂದವು. ಬಾಂಡ್ಲಿ ಲೆಕ್ಕದ ಕೂಲಿ ಎಂಬ ಒಂದು ಸಾಲಿನಿಂದ, ಆ ಅಕ್ಕ ಯಾಕೆ ನೀರು ಕುಡಿಯಲೂ ಏಳುವುದಿಲ್ಲ ಅಂತ ಓದುಗರಿಗೆ ತಾನಾಗಿ ಅರ್ಥವಾಗುತ್ತದೆ. ಆದರೆ ಕೂಲಿಯ ವಿಷಯ ನೀವೇ ಕೇಳಿ ಖಚಿತ ಮಾಡಿಕೊಂಡಿರಬೇಕು. ಊಹಿಸಿ ಬರೆಯುವ ಹಾಗಿಲ್ಲ.

*ಅಂಕಿಅಂಶ.* ಮಾಹಿತಿ ಪತ್ರಕ್ಕೆ ಅಂಕಿ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು, ಭಾಷಣದಲ್ಲಿ ಕೇಳಿದ್ದು ಬೇಡ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮರೆತು ಎಲ್ಲ ಪ್ರಶ್ನೆ ಒಂದೇ ಹಾಳೆಗೆ ತುಂಬಿದರೆ ಅರ್ಜಿ ವಾಪಸ್ ಬರಬಹುದು. "ತಾಲ್ಲೂಕುವಾರು ಚಾಲ್ತಿಯಲ್ಲಿರುವ ಕಟ್ಟಡ ಕಲ್ಲು ಗುತ್ತಿಗೆಗಳ ಸಂಖ್ಯೆ" ಅಂತ ಸಣ್ಣದಾಗಿ, ಗುರಿಯಿಟ್ಟು ಕೇಳಿ.

ಇನ್ನೊಂದು ಒಳ್ಳೆಯ ವಿಷಯ ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿಯಿಂದ ತೊಂದರೆಗೆ ಒಳಗಾದ ಜನರಿಗಾಗಿ ಗಣಿ ಗುತ್ತಿಗೆದಾರರು ರಾಯಧನದ ಜೊತೆ ಕಟ್ಟುವ ಹಣ ಇದಕ್ಕೆ ಬರುತ್ತದೆ. 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ವ್ಯವಸ್ಥೆ. ಚಿತ್ರದುರ್ಗದಂಥ ಅದಿರಿನ ಜಿಲ್ಲೆಯಲ್ಲಿ ಈ ಹಣದಿಂದ ಯಾವ ಊರಿಗೆ ಏನು ಬಂತು ಅನ್ನುವುದು ಒಂದು ಪುಟದ ಮಾಹಿತಿ ಪತ್ರಕ್ಕೆ ಹೇಳಿ ಮಾಡಿಸಿದ ವಿಷಯ. ಬೇರೆ ದೇಶಗಳಲ್ಲೂ ಗಣಿಯ ಆದಾಯ ಊರಿಗೆ ಹೇಗೆ ಮರಳಬೇಕು ಎಂಬ ಚರ್ಚೆ ಇದೆ, ಹಾಗಾಗಿ ಇದು ಅವರಿಗೂ ರುಚಿಸುತ್ತದೆ.

ಎಚ್ಚರಿಕೆ: ಯಾವುದೇ ಕ್ವಾರಿಯನ್ನು ಹೆಸರಿಟ್ಟು "ಅಕ್ರಮ" ಅಂತ ಬರೆಯಬೇಡಿ. ಗುತ್ತಿಗೆ ಮುಗಿದಿರಬಹುದು, ನವೀಕರಣದ ಅರ್ಜಿ ಬಾಕಿ ಇರಬಹುದು, ಪಟ್ಟಾ ಜಮೀನಿನ ತಕರಾರಿರಬಹುದು. ಅದನ್ನು ತೀರ್ಮಾನಿಸುವುದು ಇಲಾಖೆ, ಕೋರ್ಟು. ಕಾಗದ ಇಲ್ಲದೆ ಸುತ್ತಿಗೆ ಹಿಡಿದು ಹೊಟ್ಟೆ ಹೊರೆಯುವವರಿಗೂ, ರಾತ್ರೋರಾತ್ರಿ ಯಂತ್ರ ಇಳಿಸಿ ಗುಡ್ಡ ಕರಗಿಸುವವರಿಗೂ ಒಂದೇ ಹಣೆಪಟ್ಟಿ ಹಚ್ಚುವುದು ಈ ಕ್ಷೇತ್ರದಲ್ಲಿ ದೊಡ್ಡ ತಪ್ಪು. ಮೊದಲನೆಯವರಿಗೆ ಪರವಾನಗಿ, ತರಬೇತಿ ಕೊಡಿಸುವುದಕ್ಕೇ ಈ ಯೋಜನೆಗಳು ಇರುವುದು.

ಹಂತ 4: ಹುದ್ದೆ ಹುಡುಕಿ, ಪ್ರಕಟಣೆಯನ್ನು ಪೂರ್ತಿ ಓದಿ

ಸಂಸ್ಥೆಯ ಜಾಲತಾಣಕ್ಕೆ ನೇರ ಹೋಗಿ. ಟೆಲಿಗ್ರಾಂ ಗುಂಪಿನಲ್ಲಿ ಬಂದ ಲಿಂಕ್ ಒತ್ತಬೇಡಿ. ವಿಶ್ವಸಂಸ್ಥೆಯ ಯಾವ ಸಂಸ್ಥೆಯೂ ಅರ್ಜಿ, ಸಂದರ್ಶನ, ತರಬೇತಿ ಯಾವುದಕ್ಕೂ ಹಣ ಕೇಳುವುದಿಲ್ಲ. "ಪ್ರೊಸೆಸಿಂಗ್ ಫೀ" ಅಂದರೆ ಅದು ಮೋಸ. ಆಗಲೇ ಹಣ ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಕಟಣೆಯ ಜೊತೆ 'ಟಿಒಆರ್' ಇರುತ್ತದೆ. ನೀವು ಏನೇನು ಕೆಲಸ ಮಾಡಬೇಕು ಎಂಬ ಪಟ್ಟಿ ಅದು. ಎರಡು ಸಲ ಓದಿ. ಮೂರು ಸಂಗತಿ ಗುರುತು ಹಾಕಿಕೊಳ್ಳಿ. ಕೆಲಸ ಯಾವ ಊರಿನಲ್ಲಿ, ಅಥವಾ ಮನೆಯಿಂದಲೇ ಮಾಡಬಹುದಾ? ಯಾವ ಭಾಷೆ ಕಡ್ಡಾಯ? ಆ ದೇಶದ ಪ್ರಜೆಗಳಿಗೆ ಮಾತ್ರ ಎಂಬ ಷರತ್ತು ಇದೆಯಾ?

ಕೊನೆಯ ದಿನಾಂಕದ ಜೊತೆ ಯಾವ ಊರಿನ ಸಮಯ ಅಂತಲೂ ನೋಡಿ. ಯುಎನ್‌ಡಿಪಿ ಪ್ರಕಟಣೆಗಳಲ್ಲಿ ಹೆಚ್ಚಾಗಿ ನ್ಯೂಯಾರ್ಕ್ ಮಧ್ಯರಾತ್ರಿ ಅಂತಿರುತ್ತದೆ. ನಮಗೆ ಅದು ಮರುದಿನ ಬೆಳಿಗ್ಗೆ ಒಂಬತ್ತೂವರೆ ಅಥವಾ ಹತ್ತೂವರೆ. ಆದರೂ ಕೊನೆ ಗಂಟೆಗೆ ಬಿಡಬೇಡಿ. ಕರೆಂಟು, ನೆಟ್ಟು ಎರಡೂ ಅವತ್ತೇ ಕೈಕೊಡುತ್ತವೆ.

ಒಂದು ವರ್ಷದ ಗಡಿ ದಾಟಿದವರು ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗದ ಆನ್‌ಲೈನ್ ಸ್ವಯಂಸೇವೆ ನೋಡಿ. 18 ವರ್ಷ ತುಂಬಿದ್ದರೆ ಸಾಕು, ಮನೆಯಿಂದಲೇ ಬರಹ, ವಿನ್ಯಾಸ, ಅನುವಾದದ ಕೆಲಸ. ಸಂಬಳ ಇಲ್ಲ, ಅನುಭವ ಉಂಟು.

ಹಂತ 5: ಕವರ್ ಲೆಟರ್

ಕವರ್ ಲೆಟರ್ ಅಂದರೆ ಅರ್ಜಿಯ ಜೊತೆಗಿಡುವ ಪತ್ರ. ಒಂದು ಪುಟ ದಾಟಬಾರದು. "ನಾನು ಕಷ್ಟಪಟ್ಟು ಕೆಲಸ ಮಾಡುವ, ಉತ್ಸಾಹಿ ವ್ಯಕ್ತಿ" ಅಂತ ಶುರುವಾಗುವ ಪತ್ರಗಳು ರಾಶಿ ಬರುತ್ತವೆ. ಎಐ ಬರೆದುಕೊಟ್ಟ ಪತ್ರಗಳೂ ಈಗ ಎಲ್ಲ ಒಂದೇ ಥರ ಇರುತ್ತವೆ. ನಿಮ್ಮ ಮೊದಲ ಸಾಲಿನಲ್ಲೇ ನಿಮ್ಮ ಊರು, ನಿಮ್ಮ ಕೆಲಸ ಬರಲಿ. ಈ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆಯಿರಿ:

"ನಾನು ದಕ್ಷಿಣ ಭಾರತದ ಚಿತ್ರದುರ್ಗ ಜಿಲ್ಲೆಯವಳು. ನಮ್ಮ ಊರಿನಿಂದ ಕಾಣುವ ದೂರದಲ್ಲಿ ಕಟ್ಟಡ ಕಲ್ಲಿನ ಕ್ವಾರಿಗಳಿವೆ. ಅಲ್ಲಿನ ಮಹಿಳಾ ಕಾರ್ಮಿಕರ ಕೂಲಿ ಲೆಕ್ಕದ ಬಗ್ಗೆ ಅವರ ಒಪ್ಪಿಗೆ ಪಡೆದು ಬರಹ ಮತ್ತು ಫೋಟೊ ಸರಣಿ ಮಾಡಿದ್ದೇನೆ. ಜಾಂಬಿಯಾದ ಕಟ್ಟಡ ಕಲ್ಲಿನ ಕೆಲಸಗಾರರ ಬಗ್ಗೆ ನಿಮ್ಮ ಯೋಜನೆ ಪ್ರಕಟಿಸಿದ್ದನ್ನು ಓದಿದಾಗ ನನಗೆ ಕಂಡ ಹೋಲಿಕೆ ಇದು."

ಆಮೇಲಿನ ಪ್ಯಾರಾದಲ್ಲಿ ಟಿಒಆರ್‌ನಲ್ಲಿರುವ ಎರಡು ಕೆಲಸ ಆರಿಸಿ, ಅದನ್ನು ನೀವು ಆಗಲೇ ಮಾಡಿರುವ ಪುರಾವೆ ಕೊಡಿ. ಮೂರನೆಯದರಲ್ಲಿ ಯಾವ ತಿಂಗಳಿನಿಂದ ಸಿಗುತ್ತೀರಿ ಅಂತ ಹೇಳಿ ಮುಗಿಸಿ. ಓದದೇ ಇರುವುದನ್ನು ಓದಿದ್ದೇನೆ ಅಂತ ಬರೆಯಬೇಡಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬರಬಹುದು.

ಬಯೊಡೇಟಾದಲ್ಲಿ ಜಾತಿ, ತಂದೆಯ ಉದ್ಯೋಗ, ಮದುವೆ ವಿವರ ಬೇಡ. ಕಾಲೇಜು ಪತ್ರಿಕೆ, ಎನ್‌ಎಸ್‌ಎಸ್ ಶಿಬಿರ, ಸ್ಥಳೀಯ ಪತ್ರಿಕೆಗೆ ಬರೆದದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ.

ಹಂತ 6: ಬರಹ ಪರೀಕ್ಷೆ, ಸಂದರ್ಶನ

ಕಮ್ಯುನಿಕೇಷನ್ ಹುದ್ದೆಗೆ ಬಹಳ ಕಡೆ ಸಣ್ಣ ಬರಹ ಪರೀಕ್ಷೆ ಇರುತ್ತದೆ. ಒಂದು ವರದಿ ಕೊಟ್ಟು, ಇದರಿಂದ ಸಣ್ಣ ಸುದ್ದಿ, ಎರಡು ಮೂರು ಪೋಸ್ಟ್ ಬರೆಯಿರಿ ಅನ್ನುತ್ತಾರೆ. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಪತ್ರಿಕೆಯ ಯಾವುದಾದರೂ ಉದ್ದದ ಸುದ್ದಿಯನ್ನು 60 ಪದಕ್ಕೆ ಇಳಿಸುವುದು ಒಳ್ಳೆಯ ಅಭ್ಯಾಸ. ವರದಿಯಲ್ಲಿರುವ ಅಂಕಿಯನ್ನು ಬದಲಿಸಬೇಡಿ. "ಸುಮಾರು" ಅಂತಿದ್ದರೆ "ಸುಮಾರು" ಉಳಿಸಿ.

ಸಂದರ್ಶನದಲ್ಲಿ "ಕಷ್ಟದ ಸನ್ನಿವೇಶವನ್ನು ಹೇಗೆ ನಿಭಾಯಿಸಿದಿರಿ?" ಎಂಬ ಥರದ ಪ್ರಶ್ನೆ ಬರುತ್ತದೆ. ಉತ್ತರವನ್ನು ನಾಲ್ಕು ತುಂಡು ಮಾಡಿ: ಸನ್ನಿವೇಶ ಏನು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಏನಾಯಿತು. ಕ್ವಾರಿ ಬರಹ ಮಾಡುವಾಗ ಒಬ್ಬರು ಒಪ್ಪಿಗೆ ಕೊಟ್ಟು ಆಮೇಲೆ ಬೇಡ ಅಂದರೆ ಏನು ಮಾಡುತ್ತೀರಿ ಅಂತ ಈಗಲೇ ಯೋಚಿಸಿ ಇಟ್ಟುಕೊಳ್ಳಿ. ಸರಿಯಾದ ಉತ್ತರ ಒಂದೇ: ಆ ಫೋಟೊ ತೆಗೆದುಹಾಕುತ್ತೇನೆ.

ಹಂತ 7: ದುಡ್ಡು, ಪಾಸ್‌ಪೋರ್ಟ್, ವೀಸಾ

ಮನೆಯಲ್ಲಿ ಮೊದಲು ಕೇಳುವುದು ಇದೇ, ಅಲ್ವಾ? ಯುಎನ್‌ಡಿಪಿ ತಿಂಗಳ ಭತ್ಯೆ ಕೊಡುತ್ತದೆ, ಮೊತ್ತ ಊರಿಂದ ಊರಿಗೆ ಬೇರೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗಳಿಗೆ ಮಾತ್ರ ಸಂಬಳ ಇಲ್ಲದೆ ಬಂದಿದೆ. ಹಾಗಾಗಿ ಪ್ರತಿ ಪ್ರಕಟಣೆಯಲ್ಲೂ 'ಸ್ಟೈಪೆಂಡ್' ಎಂಬ ಪದ ಹುಡುಕಿ. ಪ್ರಯಾಣ, ವೀಸಾ, ಆರೋಗ್ಯ ವಿಮೆ ಇವು ಸಾಮಾನ್ಯವಾಗಿ ಇಂಟರ್ನ್ ತಲೆ ಮೇಲೇ.

ನನ್ನ ಅಭಿಪ್ರಾಯ ಸ್ಪಷ್ಟ. ಭತ್ಯೆ ಇಲ್ಲದ ಇಂಟರ್ನ್‌ಶಿಪ್‌ಗೆಂದು ಸಾಲ ಮಾಡಿ, ಒಡವೆ ಅಡವಿಟ್ಟು ಐರೋಪ್ಯ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ಗೆ ಹೋಗಬೇಡಿ. ಇಂಟರ್ನ್‌ಶಿಪ್ ಮುಗಿದ ಮೇಲೆ ಕೆಲಸ ಕೊಡುತ್ತೇವೆ ಅಂತ ಯಾರೂ ಮಾತು ಕೊಡುವುದಿಲ್ಲ. ಮನೆಯಿಂದ ಮಾಡುವ ಇಂಟರ್ನ್‌ಶಿಪ್ ಸಿಕ್ಕರೆ ದಾವಣಗೆರೆಯಲ್ಲೇ ಕೂತು ಮಾಡಿ. ಬ್ರಸೆಲ್ಸ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಂದರೆ ಬೆಳಿಗ್ಗೆ ಆರಾಮ, ಸಭೆಗಳು ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗೆ. ಕರೆಂಟು ಹೋದರೆ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕೆಲಸ ನಡೆಯುತ್ತದೆಯೇ ಅಂತ ಮೊದಲೇ ಪರೀಕ್ಷಿಸಿ.

ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಸಾಮಾನ್ಯ 36 ಪುಟದ್ದಕ್ಕೆ 1,500 ರೂಪಾಯಿ. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪದವಿ ಅಂಕಪಟ್ಟಿಯಲ್ಲಿ ಹೆಸರಿನ ಸ್ಪೆಲ್ಲಿಂಗ್, ಇನಿಷಿಯಲ್ ಬೇರೆ ಬೇರೆ ಇದ್ದರೆ ಮೊದಲು ಸರಿ ಮಾಡಿಸಿ. ನಮ್ಮ ಕಡೆ ತಂದೆ ಹೆಸರು, ಊರ ಹೆಸರು ಎರಡೂ ಇನಿಷಿಯಲ್ ಆಗಿ ಸೇರುವುದರಿಂದ ಈ ತೊಂದರೆ ಬಹಳ ಜನರಿಗೆ ಆಗುತ್ತದೆ.

ಹಂತ 8: ಸೇರಿದ ಮೇಲೆ

ಮೊದಲ ದಿನವೇ ಎರಡು ಕಡತ ಕೇಳಿ ಪಡೆಯಿರಿ. ಒಂದು ಬರಹದ ನಿಯಮಾವಳಿ. ಇನ್ನೊಂದು 'ವಿಸಿಬಿಲಿಟಿ ಗೈಡ್‌ಲೈನ್', ಅಂದರೆ ಹಣ ಕೊಟ್ಟವರ ಲಾಂಛನ ಎಲ್ಲಿ, ಹೇಗೆ ಹಾಕಬೇಕು ಎಂಬ ನಿಯಮ. ಲಾಂಛನ ತಪ್ಪಿದರೆ ಒಳ್ಳೆಯ ಬರಹವೂ ವಾಪಸ್ ಬರುತ್ತದೆ. ನಿಮ್ಮ ಸ್ವಂತ ಖಾತೆಯಲ್ಲಿ ಯೋಜನೆಯ ಫೋಟೊ, ಒಳಗಿನ ವರದಿ ಹಾಕಬೇಡಿ.

ಬಂದ ಪ್ರತಿ ಫೋಟೊದ ಜೊತೆ ಒಪ್ಪಿಗೆ ಪತ್ರ, ದಿನಾಂಕ, ಜಾಗ ಸೇರಿಸಿ ಇಡುವ ಅಭ್ಯಾಸ ಮಾಡಿ. ಇಂಟರ್ನ್‌ಗಳು ಬದಲಾಗುತ್ತಲೇ ಇರುತ್ತಾರೆ. ಮಾಹಿತಿ ಇಲ್ಲದ ಫೋಟೊ ಮುಂದೆ ಯಾರಿಗೂ ಬಳಸಲು ಬರುವುದಿಲ್ಲ. ಕೊನೆಯ ತಿಂಗಳಲ್ಲಿ ಮೇಲ್ವಿಚಾರಕರ ಹತ್ತಿರ ಶಿಫಾರಸು ಪತ್ರ ಕೇಳಿ. ಹೊರಗೆ ಪ್ರಕಟವಾದ ನಿಮ್ಮ ಬರಹಗಳ ಲಿಂಕ್‌ಗಳನ್ನೂ ಬರೆದಿಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ನಿಮ್ಮ ಕಚೇರಿ ಇಮೇಲ್ ಮುಚ್ಚುತ್ತದೆ, ಅದರಲ್ಲಿರುವುದು ಯಾವುದೂ ಆಮೇಲೆ ಕೈಗೆ ಸಿಗುವುದಿಲ್ಲ.